26.0 ಮಿ.ಮೀ. ಸ್ಟೆಮ್‌ಗೆ 25.4 ಮಿ.ಮೀ. ಹ್ಯಾಂಡಲ್ ಕೂರಿಸಬಹುದೇ?

ಪ್ರಶ್ನೆ (ವಿಜಯಪುರದ ಸವಾರ)

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು ಪ್ರಾಯದಲ್ಲಿ ಪಂದ್ಯಗಳಿಗೆ ಓಡಿಸುತ್ತಿದ್ದ ಹಳೆಯ ರೇಸಿಂಗ್ ಸೈಕಲ್ ಇನ್ನೂ ಮನೆಯಲ್ಲಿದೆ. ವಿಜಯಪುರ, ಬಾಗಲಕೋಟೆ ಸೀಮೆಯಲ್ಲಿ ಸೈಕಲ್ ಪಂದ್ಯದ ಒಲವು ಎಷ್ಟಿದೆ ಎಂಬುದು ನಿಮಗೆ ಗೊತ್ತೇ ಇದೆ. ಅವರಿಗೆ ಈಗ ಬೆನ್ನು ನೋವು; ಕೆಳಗೆ ಬಾಗಿದ ಹ್ಯಾಂಡಲ್ ಹಿಡಿದು ಕೂರಲು ಆಗುವುದಿಲ್ಲ. ಆದರೆ ಬೇರೆ ಸೈಕಲ್ ಹತ್ತಲು ಅವರಿಗೆ ಮನಸ್ಸಿಲ್ಲ. ಗೇರ್ ಲಿವರ್‌ಗಳು ಫ್ರೇಮಿನ ಕೆಳಗಿನ ಕೊಳವೆಯ ಮೇಲೆಯೇ ಇರುವುದರಿಂದ, ಹ್ಯಾಂಡಲ್ ಒಂದನ್ನು ಬದಲಿಸಿ ನೇರ ಹ್ಯಾಂಡಲ್ ಹಾಕಿದರೆ ಸಾಕೆಂದು ಕೆಲಸಕ್ಕೆ ಕೈಹಾಕಿದೆ.

ಸ್ಟೆಮ್ (ಹ್ಯಾಂಡಲನ್ನು ಫೋರ್ಕಿಗೆ ಜೋಡಿಸುವ ತುಂಡು) ಅಲ್ಯೂಮಿನಿಯಮ್ಮಿನದು, ಫೋರ್ಕಿನ ಒಳಗೆ ಇಳಿಯುವ ಹಳೆಯ ಮಾದರಿ, ಹ್ಯಾಂಡಲ್ ಹಿಡಿಯುವ ಕ್ಲ್ಯಾಂಪಿಗೆ, ಅಂದರೆ ಸೀಳಿರುವ ಬಳೆಗೆ, ಒಂದೇ ಬೋಲ್ಟ್. ಸ್ಟೆಮ್‌ನ ಅಡಿಯಲ್ಲಿ 26.0 ಎಂದು ಅಚ್ಚೊತ್ತಿದೆ. ಹೊಸ ಹ್ಯಾಂಡಲಿನ ನಡುಭಾಗವನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದರೆ 25.4 ಬರುತ್ತದೆ. ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚಿನ ಅಂತರವೆಂದು ಬಿಗಿದು ನೋಡಿದೆ. ಕ್ಲ್ಯಾಂಪಿನ ಎರಡು ತುಟಿಗಳೂ ಒಂದಕ್ಕೊಂದು ತಾಗುವವರೆಗೆ ಬೋಲ್ಟ್ ತಿರುಗಿತು. ಆದರೂ ಉಬ್ಬುತಗ್ಗಿನ ರಸ್ತೆಯಲ್ಲಿ ಕೈಮೇಲೆ ಭಾರ ಬಿದ್ದ ಕೂಡಲೇ ಹ್ಯಾಂಡಲ್ ಕಿರ್ ಎಂದು ಮುಂದಕ್ಕೆ ತಿರುಗುತ್ತದೆ. ತಂಪುಪಾನೀಯದ ಡಬ್ಬಿ ಕತ್ತರಿಸಿ ಸುತ್ತಿದರೆ ಸಾಕು ಎಂದು ಇಲ್ಲಿನ ಒಬ್ಬ ಮೆಕ್ಯಾನಿಕ್ ಹೇಳುತ್ತಾರೆ. ತಂದೆಯವರು ಕೂರುವ ಸೈಕಲ್ಲಿಗೆ ಹಾಗೆ ಮಾಡಲು ನನಗೆ ಧೈರ್ಯ ಬರುತ್ತಿಲ್ಲ. ಸರಿಯಾದ ದಾರಿ ಯಾವುದು?

ಉತ್ತರ 1 (ಹುಬ್ಬಳ್ಳಿ ಲೇತ್)

ಸರ್, ಮೊದಲು ಆ ಬೋಲ್ಟನ್ನು ಸಡಿಲಿಸಿ. ತುಟಿಗಳು ಒಂದಕ್ಕೊಂದು ತಾಗಿದ ಮೇಲೆ ನೀವು ಹಾಕುವ ಬಲವೆಲ್ಲ ಬೋಲ್ಟಿನ ಮೇಲೆ ಬೀಳುತ್ತದೆಯೇ ಹೊರತು ಹ್ಯಾಂಡಲಿನ ಹಿಡಿತಕ್ಕೆ ಏನೂ ಸಿಗುವುದಿಲ್ಲ.

ಲೆಕ್ಕ ಹಾಕಿ ನೋಡಿ. ವ್ಯಾಸದಲ್ಲಿ 0.6 ಮಿ.ಮೀ. ವ್ಯತ್ಯಾಸವಿದ್ದರೆ ಸುತ್ತಳತೆಯಲ್ಲಿ ಅದು 1.9 ಮಿ.ಮೀ. ಆಗುತ್ತದೆ. ಅಂದರೆ ಹ್ಯಾಂಡಲಿಗೆ ಬರೀ ತಾಗುವುದಕ್ಕೇ ಕ್ಲ್ಯಾಂಪಿನ ಸೀಳು 1.9 ಮಿ.ಮೀ. ಮುಚ್ಚಿಕೊಳ್ಳಬೇಕು, ಹಿಡಿತ ಶುರುವಾಗುವುದು ಅದರ ನಂತರ. ಅಷ್ಟು ಮುಚ್ಚಿದ ತೂತು ಗುಂಡಾಗಿಯೂ ಉಳಿಯುವುದಿಲ್ಲವಾದ್ದರಿಂದ ಎರಡು ಮೂರು ಕಡೆ ಮಾತ್ರ ಲೋಹಕ್ಕೆ ಲೋಹ ಒತ್ತಿ ಉಳಿದ ಕಡೆ ಪೊಳ್ಳಾಗಿರುತ್ತದೆ. ನಿಮಗೆ ಕೇಳಿಸುತ್ತಿರುವ ಕಿರ್ ಸದ್ದು ಅದರದೇ.

ಇದಕ್ಕೆ ಶಿಮ್ (ಸಂದು ತುಂಬುವ ತೆಳು ತಗಡು) ಹಾಕುವುದು ಸರಿಯಾದ ದಾರಿಯೇ, ಅದು ಕಳ್ಳದಾರಿಯಲ್ಲ. ಆದರೆ ಡಬ್ಬಿಯ ತಗಡು ಬೇಡ. ಅದರ ದಪ್ಪ ಸುಮಾರು 0.1 ಮಿ.ಮೀ. ಮಾತ್ರ. ನಿಮಗೆ ಬೇಕಿರುವುದು ವ್ಯಾಸದ ವ್ಯತ್ಯಾಸದಲ್ಲಿ ಅರ್ಧ, ಅಂದರೆ 0.3 ಮಿ.ಮೀ. ಮೂರು ಸುತ್ತು ಸುತ್ತಿದರೆ ಅಳತೆಯೇನೋ ಕೂಡಿಬರುತ್ತದೆ, ಆದರೆ ಬಣ್ಣ ಮತ್ತು ಅರಗು ಬಳಿದ ಪದರಗಳು ಒಂದರ ಮೇಲೊಂದು ಜಾರುತ್ತವೆ. ತಗಡು ಒಂದೇ ತುಂಡಿನದಾಗಿರಬೇಕು, ಒಂದೇ ಸುತ್ತಿನದಾಗಿರಬೇಕು. ಯಾವುದೇ ಲೇತ್ ಅಂಗಡಿಯಲ್ಲಿ ಹಿತ್ತಾಳೆ ಶಿಮ್ ತಗಡು ಕೇಳಿ. ಗೇಜ್ ಲೆಕ್ಕದಲ್ಲಿ ಕೊಡುವವರಾದರೆ 31 ಗೇಜ್ ಎಂದರೆ 0.295 ಮಿ.ಮೀ., 30 ಗೇಜ್ ಎಂದರೆ 0.315 ಮಿ.ಮೀ. ಹ್ಯಾಂಡಲ್ ನಿಜವಾಗಿಯೂ 25.4 ಇದ್ದರೆ 31 ಸಾಕು, ಅಳತೆ 25.3ರ ಆಸುಪಾಸು ಬಂದರೆ 30 ತೆಗೆದುಕೊಳ್ಳಿ. ಹ್ಯಾಂಡಲನ್ನು ಒಂದೇ ಕಡೆ ಅಳೆದು ಬಿಡಬೇಡಿ, ಸುತ್ತ ತಿರುಗಿಸುತ್ತ ನಾಲ್ಕು ಕಡೆ ಅಳೆಯಿರಿ. ಬಣ್ಣದ ದಪ್ಪವೂ ಅದರಲ್ಲಿ ಸೇರಿರುತ್ತದೆ ಎಂಬುದನ್ನು ಮರೆಯಬೇಡಿ.

ತಗಡಿನ ಅಗಲ ಕ್ಲ್ಯಾಂಪಿನ ಅಗಲಕ್ಕೆ ಸಮನಾಗಿರಲಿ. ಕಿರಿದಾದ ಪಟ್ಟಿ ಹಾಕಿದರೆ ಅದರ ಅಂಚಿನಲ್ಲಿಯೇ ಹ್ಯಾಂಡಲಿನ ಮೇಲೆ ಒತ್ತಡ ಕೂಡುತ್ತದೆ. ಪೂರ್ತಿ ಸುತ್ತಿಗೆ ಸುಮಾರು 80.7 ಮಿ.ಮೀ. ಬೇಕು, ನೀವು 78ಕ್ಕೆ ಕತ್ತರಿಸಿ, ತುದಿಗಳು ಒಂದರ ಮೇಲೊಂದು ಏರಕೂಡದು. ಕತ್ತರಿಸಿದ ಅಂಚಿನಲ್ಲಿ ಏಳುವ ಚೂಪನ್ನು ಎಮರಿ ಕಾಗದದಿಂದ ಉಜ್ಜಿ, ಬೆರಳಾಡಿಸಿದರೆ ಎಲ್ಲಿಯೂ ತೊಡಕದಂತೆ ಮಾಡಿ. ಹ್ಯಾಂಡಲನ್ನು ಮೊದಲು ತೂರಿಸಿ, ಹಿಡಿಯುವ ಭಾಗ 22.2 ಮಿ.ಮೀ.ಗೆ ಸಣ್ಣದಾಗಿರುವ ಕಡೆ ತಗಡನ್ನು ಸುತ್ತಿ, ಅಲ್ಲಿಂದ ನಡುವಿಗೆ ಸರಿಸಿಕೊಂಡು ಹೋದರೆ ಸುಲಭ. ತಗಡಿನ ಸಂದು ಕ್ಲ್ಯಾಂಪಿನ ಸೀಳಿನ ನೇರಕ್ಕೇ ಬರಲಿ. ಸೀಳಿಗೆ ಅಡ್ಡಲಾಗಿ ತಗಡು ಇದ್ದರೆ ಬಿಗಿಯುವಾಗ ಅದು ಮಡಚಿಕೊಂಡು ಸೀಳಿನೊಳಗೆ ಸಿಕ್ಕಿಬೀಳುತ್ತದೆ.

ಉತ್ತರ 2 (ಕಡಲತೀರದ ಸೈಕಲ್, ಮಂಗಳೂರು)

ಹುಬ್ಬಳ್ಳಿಯವರು ಹೇಳಿದ ವಿಧಾನವನ್ನು ಪೂರ್ಣವಾಗಿ ಒಪ್ಪುತ್ತೇನೆ, ಹಿತ್ತಾಳೆಯ ವಿಷಯ ಒಂದನ್ನು ಬಿಟ್ಟು. ಹಿತ್ತಾಳೆ ಮತ್ತು ಅಲ್ಯೂಮಿನಿಯಂ ಒತ್ತಿಕೊಂಡಿರುವ ಕಡೆ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ನಮ್ಮ ಕಡೆ ಎರಡು ಮಳೆಗಾಲ ಕಳೆದ ಮೇಲೆ ಅಂಥ ಒಂದು ಕ್ಲ್ಯಾಂಪನ್ನು ಬಿಚ್ಚಿದಾಗ ಒಳಗೆ ಬಿಳಿ ಹಿಟ್ಟು ಉದುರಿತು. ಆ ಹಿಟ್ಟಿನ ಕೆಳಗೆ ಸಿಡುಬಿನ ಕಲೆಯಂತೆ ಗುಳಿಗಳಿದ್ದವು. ವಿಜಯಪುರದ ಒಣ ಹವೆಯಲ್ಲಿ ಇಷ್ಟು ಬೇಗ ಆಗಲಾರದು, ಆದರೆ ಬೆವರೂ ಉಪ್ಪೇ ತಾನೆ. ಅಷ್ಟೇ ದಪ್ಪದ ಅಲ್ಯೂಮಿನಿಯಂ ತಗಡು ಸಿಕ್ಕಿದರೆ ಅದನ್ನೇ ಹಾಕಿ. ಹಿತ್ತಾಳೆಯೇ ಸಿಕ್ಕಿದರೆ ವರ್ಷಕ್ಕೊಮ್ಮೆ ಬಿಚ್ಚಿ ಒರೆಸಿ ನೋಡಿ. ಗ್ರೀಸ್ ಬೋಲ್ಟಿನ ತಿರುಪಿಗೆ ಮಾತ್ರ ಇರಲಿ, ತಗಡಿಗೆ ಬೇಡ.

ಉತ್ತರ 3 (ಮೈಸೂರಿನ ದೂರ ಸವಾರ)

ಇದೇ ತಲೆಬರಹ ನೋಡಿ, ನಾಳೆ ಇದರ ತಿರುವುಮುರುವು ಮಾಡಲು ಹೊರಡುವವರು ಬರುತ್ತಾರೆಂದು ಈ ಮಾತು ಬರೆಯುತ್ತಿದ್ದೇನೆ. ಸಣ್ಣ ಹ್ಯಾಂಡಲನ್ನು ದೊಡ್ಡ ಸ್ಟೆಮ್‌ಗೆ ಕೂರಿಸಬಹುದು. ದೊಡ್ಡ ಹ್ಯಾಂಡಲನ್ನು ಸಣ್ಣ ಸ್ಟೆಮ್‌ಗೆ ಎಂದೂ ಕೂರಿಸಬಾರದು. ನಾನು ಅದನ್ನು ಮಾಡಿದ್ದೇನೆ. 25.4 ಸ್ಟೆಮ್‌ನ ಸೀಳಿಗೆ ಸ್ಕ್ರೂಡ್ರೈವರ್ ತೂರಿಸಿ ಅಗಲಿಸಿ 26.0 ಹ್ಯಾಂಡಲ್ ಹಾಕಿದ್ದೆ. ಕೂತದ್ದು ಎಷ್ಟು ಬಿಗಿಯಾಗಿತ್ತೆಂದರೆ ನನಗೆ ಹೆಮ್ಮೆಯೇ ಆಗಿತ್ತು. ಏಳು ತಿಂಗಳ ನಂತರ ಧೂಳು ಒರೆಸುವಾಗ ಸೀಳಿನ ನೇರ ಹಿಂಬದಿಯಲ್ಲಿ ಕೂದಲಿನಷ್ಟು ಸಣ್ಣ ಕಪ್ಪು ಗೆರೆ ಕಂಡಿತು. ಕೊಳೆ ಎಂದು ಉಗುರಿನಿಂದ ಕೆರೆದೆ, ಉಗುರು ಗೆರೆಯಲ್ಲಿ ಸಿಕ್ಕಿಕೊಂಡಿತು. ಅದು ಬಿರುಕಾಗಿತ್ತು. ಹಿಂದಿನ ಭಾನುವಾರವಷ್ಟೇ ಅದೇ ಸೈಕಲ್ಲಿನಲ್ಲಿ ಚಾಮುಂಡಿ ಬೆಟ್ಟ ಇಳಿದಿದ್ದೆ.

ಅಲ್ಯೂಮಿನಿಯಂ ಉಕ್ಕಿನಂತಲ್ಲ. ಸಣ್ಣ ಒತ್ತಡವಾದರೂ ಮತ್ತೆ ಮತ್ತೆ ಬೀಳುತ್ತಿದ್ದರೆ ದಣಿವು ಅದರಲ್ಲಿ ಕೂಡುತ್ತಲೇ ಹೋಗುತ್ತದೆ, ಮತ್ತು ಮುರಿಯುವಾಗ ಬಾಗದೆ ಒಮ್ಮೆಲೇ ಮುರಿಯುತ್ತದೆ. ಒಳಗಿನಿಂದ ಅರದಲ್ಲಿ ಉಜ್ಜಿ ದೊಡ್ಡದು ಮಾಡುತ್ತೇನೆ ಎನ್ನುವವರಿಗೂ ನನ್ನ ಉತ್ತರ ಬೇಡ ಎಂದೇ. ಇಟಲಿಯ ಚಿನೆಲ್ಲಿ ಕಂಪನಿಯ ಹಳೆಯ ಹ್ಯಾಂಡಲ್ ಇಟ್ಟುಕೊಂಡವರು ಇಲ್ಲಿ ವಿಶೇಷವಾಗಿ ಎಚ್ಚರ ವಹಿಸಬೇಕು, ಅವು 26.4 ಮಿ.ಮೀ., ಕಣ್ಣಿಗೆ 26.0ರಂತೆಯೇ ಕಾಣುತ್ತವೆ.

ಈಗಿನ ನಾಲ್ಕು ಬೋಲ್ಟಿನ 31.8 ಸ್ಟೆಮ್‌ಗೆ 25.4 ಹ್ಯಾಂಡಲ್ ಹಾಕುವವರಿಗೆ ಈ ತಗಡಿನ ಕೆಲಸವೇ ಇಲ್ಲ. 3.2 ಮಿ.ಮೀ. ದಪ್ಪದ ಎರಡು ಹೋಳಿನ ಸಿದ್ಧ ಶಿಮ್ ಮಾರುಕಟ್ಟೆಯಲ್ಲಿ ಸಿಗುತ್ತದೆ.

ವಿಜಯಪುರದ ಸರ್, ಇನ್ನೊಂದು ವಿಷಯ. ಹಳೆಯ ಹ್ಯಾಂಡಲಿನ ಬ್ರೇಕ್ ಲಿವರ್‌ಗಳು 23.8 ಮಿ.ಮೀ. ಕೊಳವೆಗೆ ಮಾಡಿದವು, ನೇರ ಹ್ಯಾಂಡಲಿಗೆ ಬರುವುದಿಲ್ಲ. ಹೊಸದು ಕೊಳ್ಳುವಾಗ ವಿ-ಬ್ರೇಕಿನ ಲಿವರ್ ತರಬೇಡಿ. ಅದು ತಂತಿಯನ್ನು ಹೆಚ್ಚು ಎಳೆಯುವುದರಿಂದ ನಿಮ್ಮ ರೇಸಿಂಗ್ ಬ್ರೇಕಿಗೆ ಹೊಂದುವುದಿಲ್ಲ. ಕ್ಯಾಲಿಪರ್ ಬ್ರೇಕಿಗೆ ಎಂದು ಹೇಳಿಯೇ ಕೇಳಿ. ಎಲ್ಲ ಬಿಗಿದ ಮೇಲೆ ಹ್ಯಾಂಡಲಿನಿಂದ ಸ್ಟೆಮ್‌ಗೆ ಹಾಯುವಂತೆ ಪೆನ್ನಿನಲ್ಲಿ ಒಂದು ಗೆರೆ ಎಳೆದು, ಮುಂದಿನ ಚಕ್ರವನ್ನು ಗೋಡೆಗೆ ಕೊಟ್ಟು, ಹ್ಯಾಂಡಲಿನ ಎರಡೂ ತುದಿಗಳ ಮೇಲೆ ಮೈಭಾರ ಹಾಕಿ ಒತ್ತಿ. ಗೆರೆ ಒಡೆದರೆ ತಂದೆಯವರನ್ನು ಕೂರಿಸಬೇಡಿ.

ಪ್ರಶ್ನೆ ಕೇಳಿದವರ ಮರುಮಾತು (ವಿಜಯಪುರದ ಸವಾರ)

ಮೂವರಿಗೂ ಮನಸಾರೆ ಧನ್ಯವಾದ. ಅಲ್ಯೂಮಿನಿಯಂ ತಗಡು ಸರಿಯಾದ ದಪ್ಪದ್ದು ಸಿಗದ ಕಾರಣ 31 ಗೇಜ್ ಹಿತ್ತಾಳೆಯನ್ನೇ ತಂದೆ. ಮೊದಲ ತುಂಡನ್ನು 81ಕ್ಕೆ ಕತ್ತರಿಸಿದ್ದರಿಂದ ತುದಿಗಳು ಒಂದರ ಮೇಲೊಂದು ಏರಿ ಕೆಟ್ಟಿತು. ಎರಡನೆಯದನ್ನು 78ಕ್ಕೆ ಕತ್ತರಿಸಿದೆ, ಕೈಯಿಂದ ಒತ್ತಿದಷ್ಟಕ್ಕೇ ಒಳಗೆ ಸರಿಯಿತು. ಈಗ ಬೋಲ್ಟ್ ಬಿಗಿಯಾದ ಮೇಲೂ ಕ್ಲ್ಯಾಂಪಿನ ಸೀಳು ತೆರೆದೇ ಇದೆ, ತುಟಿಗಳು ತಾಗುತ್ತಿಲ್ಲ.

ಗೋಡೆಗೆ ಕೊಟ್ಟು ಒತ್ತಿದೆ, ಗೆರೆ ಕದಲಲಿಲ್ಲ. ಕ್ಯಾಲಿಪರ್ ಬ್ರೇಕಿನ ಲಿವರ್ ಹಾಕಿಸಿಕೊಂಡು ನಾನೇ ಬಸವನ ಬಾಗೇವಾಡಿಯವರೆಗೆ ಹೋಗಿ ಬಂದೆ. ಬಂದ ಮೇಲೆ ಅಲೆನ್ ಕೀ ಹಾಕಿದಾಗ ಬೋಲ್ಟ್ ಕಾಲು ಸುತ್ತಿಗಿಂತ ಕಡಿಮೆ ತಿರುಗಿತು, ಗೆರೆ ಎಳೆದಲ್ಲಿಯೇ ಇತ್ತು. ನಿನ್ನೆ ಬೆಳಿಗ್ಗೆ ತಂದೆಯವರು ಗೋಲಗುಮ್ಮಟದವರೆಗೆ ಓಡಿಸಿಕೊಂಡು ಬಂದರು. ಇಳಿದ ಕೂಡಲೇ ಕೇಳಿದ್ದು ಹ್ಯಾಂಡಲಿನ ಬಗೆಗಲ್ಲ, ಸೀಟನ್ನು ಎಷ್ಟು ಹಿಂದಕ್ಕೆ ಸರಿಸಬಹುದು ಎಂದು.