ಹೈವೇ ಕೆಲಸದಾಗ ಗಾಡಿ ಬಡದ್ರ ಹೊಣೆ ಯಾರದು? ಪುಣೆ ಕನ್ನಡಿಗರ ಗುಂಪಿನಲ್ಲಿ ವಕೀಲರ ಜೊತೆ ಪ್ರಶ್ನೋತ್ತರ

ಪ್ರಶ್ನೆ: ವಾರ್ಜೆಯಿಂದ ಒಬ್ಬ ಅಕ್ಕ

ವಕೀಲ ಸಾಹೇಬ್ರಿಗೆ ನಮಸ್ಕಾರ್ರಿ. ನಾವು ಯಾದಗಿರಿ ಕಡಿಯವ್ರು, ಪುಣೆಕ್ಕ ಬಂದು ಹನ್ನೊಂದು ವರ್ಷ ಆತು. ನನ್ನ ತಮ್ಮಗ 24 ವಯಸ್ಸು, ಹೈವೇ ಡಾಂಬರ ಕೆಲಸಕ್ಕ ಹೋಗ್ತಾನ. ನಾಕು ದಿನದ ಹಿಂದ ರಾತ್ರಿ ಎರಡರ ಸುಮಾರಿಗೆ, ಕಾತ್ರಜ್ ಹೊಸ ಸುರಂಗ ದಾಟಿ ನವಲೆ ಬ್ರಿಡ್ಜ್ ಕಡಿ ಇಳಿತೀವಲ್ರಿ, ಅಲ್ಲಿ ಕೆಂಪು ಝಂಡಿ ಹಿಡ್ಕೊಂಡು ನಿಂತಿದ್ದ. ಒಂದು ಕಾರು ಕೋನ್ ಹಾರಿಸ್ಕೊಂಡು ಬಂದು ಬಡದು, ನಿಲ್ಲದೇ ಹೋಗ್ಯದ. ಬಲಗಾಲು ಎರಡು ಕಡಿ ಮುರದದ, ರಾಡ್ ಹಾಕ್ಯಾರ. ಕೂಲಿಯವ್ರನ್ನ ಕೆಲಸಕ್ಕ ಕರ್ಕೊಂಡು ಹೋಗೋ ಮುಕಾದಮ ಎಂಟು ಸಾವಿರ ಕೈಯಾಗ ಇಟ್ಟು, "ಬಡದಾಂವ ಕಾರಿನವ, ಅವನ್ನ ಹಿಡ್ಕೋರಿ, ನಮಗೇನು ಸಂಬಂಧ" ಅಂದಾನ. ಪೊಲೀಸ್ರು ಬರ್ಕೊಂಡು ಹೋದ್ರು, ಕಾಗದ ಏನೂ ಕೊಟ್ಟಿಲ್ಲ. ರಸ್ತೆ ಮ್ಯಾಲೆ ದುಡಿಯೋರನ್ನ ಕಾಯೋ ಕಾನೂನು ಏನಾರ ಅದ ಏನ್ರಿ?

ಉತ್ತರ: ವಕೀಲರು

ತಂಗಿ, ಕಾನೂನು ಆಮೇಲೆ ನೋಡೋಣ, ಇವತ್ತೇ ಆಗಬೇಕಾದ ಕೆಲಸ ಒಂದಿದೆ. ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ನಗದುರಹಿತ ಚಿಕಿತ್ಸೆಯ ಯೋಜನೆ ತಂದಿದೆ. ಅಪಘಾತವಾದ ದಿನದಿಂದ ಏಳು ದಿನ, ಒಂದೂವರೆ ಲಕ್ಷ ರೂಪಾಯಿವರೆಗೆ. ಗಾಡಿಯೊಳಗೆ ಕೂತವರಿಗೆ ಮಾತ್ರ ಅಂತ ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ, ಗಾಡಿ ಬಡಿದು ಗಾಯಗೊಂಡ ಯಾರಿಗೇ ಆದರೂ ಇದೆ. ನಾಲ್ಕು ದಿನ ಹೋಗಿವೆ, ಮೂರು ಉಳಿದಿವೆ. ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿಗೆ ಹೋಗಿ ಈ ಯೋಜನೆಗೆ ಸೇರಿದ್ದೀರಾ ಅಂತ ಕೇಳು. ಪೊಲೀಸರ ದಾಖಲೆ ಬೇಕು ಅನ್ನುತ್ತಾರೆ, ಅದಕ್ಕೂ ಠಾಣೆಗೆ ಇವತ್ತೇ ಹೋಗು. ಎಫ್ಐಆರ್ ಪ್ರತಿ ಪುಕ್ಕಟೆಯಾಗಿ ಪಡೆಯುವುದು ದೂರು ಕೊಟ್ಟವರ ಹಕ್ಕು. ತನಿಖಾಧಿಕಾರಿ 48 ಗಂಟೆಯೊಳಗೆ ಅಪಘಾತದ ಮೊದಲ ವರದಿಯನ್ನು ಪರಿಹಾರ ನ್ಯಾಯಮಂಡಳಿಗೆ ಕಳಿಸಬೇಕು ಅಂತ 2022ರಿಂದ ನಿಯಮ ಇದೆ. "ವರದಿ ಹೋಗಿದೆಯಾ ಸಾಹೇಬ್ರೆ" ಅಂತ ಅವರನ್ನೇ ಕೇಳು.

ಈಗ ನಿನ್ನ ಪ್ರಶ್ನೆ. ರಸ್ತೆ ಕಾರ್ಮಿಕರಿಗೆಂದೇ ಬರೆದ ಒಂದು ಕಲಂ ಮೋಟಾರು ವಾಹನ ಕಾಯ್ದೆಯಲ್ಲಿ ಇಲ್ಲ. ಕಾನೂನು ಇದೆ, ಆದರೆ ಚದುರಿ ಬಿದ್ದಿದೆ. ಒಂದು ತುಂಡು ಸಂಚಾರ ಫಲಕದಲ್ಲಿ, ಒಂದು ದಂಡ ಸಂಹಿತೆಯಲ್ಲಿ, ಒಂದು ಕಾರ್ಮಿಕ ಕಾನೂನಿನಲ್ಲಿ. ಅದಕ್ಕೇ ಮುಕಾದಮ ಅಷ್ಟು ಧೈರ್ಯವಾಗಿ "ನಮಗೇನು ಸಂಬಂಧ" ಅನ್ನುತ್ತಾನೆ. ಅವನ ಮಾತು ತಪ್ಪು. ಕೆಲಸದ ಮೇಲಿದ್ದಾಗ, ಆ ಕೆಲಸದ ಕಾರಣಕ್ಕೇ ಪೆಟ್ಟಾದರೆ ಪರಿಹಾರ ಕೊಡುವುದು ಮಾಲಕನ ಹೊಣೆ. ಬಡಿದದ್ದು ಯಾರ ಗಾಡಿ, ತಪ್ಪು ಯಾರದು ಅನ್ನುವ ಪ್ರಶ್ನೆ ಅಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. 1923ರ ಕಾಯ್ದೆಯಲ್ಲಿದ್ದ ಈ ತತ್ವವನ್ನು 2020ರ ಸಾಮಾಜಿಕ ಭದ್ರತಾ ಸಂಹಿತೆಗೂ ತಂದಿದ್ದಾರೆ. ಮುಕಾದಮನ ಕೈಯಲ್ಲಿ ದುಡ್ಡಿಲ್ಲ ಅಂದರೆ ಅವನಿಗೆ ಕೆಲಸ ಕೊಟ್ಟ ಗುತ್ತಿಗೆದಾರ, ಅದರ ಮೇಲಿನ ಮೂಲ ಮಾಲಕನವರೆಗೂ ಆ ಹೊಣೆ ಏರುತ್ತದೆ. ಝಂಡಿ ಹಿಡಿದು ರಸ್ತೆಯಲ್ಲಿ ನಿಲ್ಲುವುದೇ ನಿನ್ನ ತಮ್ಮನ ಕೆಲಸವಾಗಿತ್ತು. ಗಾಡಿ ಬಡಿಯುವ ಅಪಾಯ ಆ ಕೆಲಸದ ಒಳಗೇ ಇತ್ತು.

ಎಂಟು ಸಾವಿರ ಕೊಡುವಾಗ ಎಲ್ಲಾದರೂ ಹೆಬ್ಬೆಟ್ಟು, ಸಹಿ ಹಾಕಿಸಿಕೊಂಡಿದ್ದಾನಾ? ಇನ್ನು ಮುಂದೆ ಏನನ್ನೂ ಓದದೆ ಸಹಿ ಮಾಡಬೇಡಿ.

ಪ್ರಶ್ನೆ: ಅದೇ ಅಕ್ಕ

ಸಹಿ ಮಾಡಿಲ್ರಿ, ಫೋನ್‌ಪೇ ಮಾಡ್ಯಾನ. ಆದ್ರ ಅಂವ ಹಾಜರಿ ಪುಸ್ತಕದಾಗ ತಮ್ಮನ ಹೆಸರೇ ಇಲ್ಲ ಅಂತಾನ. ಮತ್ತ ಕಾರಿನ ನಂಬರ ಯಾರೂ ನೋಡಿಲ್ಲ.

ಉತ್ತರ: ವಕೀಲರು

ಫೋನ್‌ಪೇ ಮಾಡಿದ್ದಾನೆ ಅಂದರೆ ತಾನೇ ಸಾಕ್ಷಿ ಕೊಟ್ಟಿದ್ದಾನೆ. ಹಿಂದಿನ ವಾರಗಳ ಪಗಾರವೂ ಹಾಗೇ ಬಂದಿದ್ದರೆ ಆ ಪಟ್ಟಿಯ ಪ್ರಿಂಟ್ ತೆಗೆಸು. ಈಗ ಬಹಳ ಸೈಟುಗಳಲ್ಲಿ ಕೆಲಸ ಶುರುವಾಗುವ ಮೊದಲು ಎಲ್ಲರನ್ನೂ ನಿಲ್ಲಿಸಿ ಫೋಟೋ ಹೊಡೆದು ಗ್ರೂಪಿಗೆ ಹಾಕುತ್ತಾರೆ. ಆ ರಾತ್ರಿಯ ಫೋಟೋದಲ್ಲಿ ತಮ್ಮ ಇದ್ದರೆ ಹಾಜರಿ ಪುಸ್ತಕ ಏನು ಹೇಳಿದರೂ ನಡೆಯುವುದಿಲ್ಲ. ಜೊತೆಯಲ್ಲಿದ್ದ ಹುಡುಗರ ಫೋನಿನಿಂದ ಇವತ್ತೇ ತರಿಸಿಕೋ. ನಾಳೆ ಯಾರೋ ಅದನ್ನು ಅಳಿಸಿದರೆ ಕೊರಗುವುದು ನಾವೇ. ಮುಕಾದಮನ ವಾಯ್ಸ್ ಮೆಸೇಜ್ ಇದ್ದರೆ ಅದನ್ನೂ ಇಟ್ಟುಕೋ.

ಕಾರಿನ ವಿಚಾರಕ್ಕೆ ಬಂದರೆ, ಅದು ಸಾತಾರಾ ಕಡೆಯಿಂದ ಹೈವೇ ಹಿಡಿದು ಬಂದಿದ್ದರೆ ಸುರಂಗಕ್ಕೆ ಮೊದಲು ಖೇಡ್ ಶಿವಾಪುರ ಟೋಲ್ ದಾಟಿರುತ್ತದೆ. ಫಾಸ್ಟ್ಯಾಗಿನಲ್ಲಿ ನಂಬರು, ಹೊತ್ತು ಎರಡೂ ಉಳಿಯುತ್ತವೆ. ಕ್ಯಾಮೆರಾ ಚಿತ್ರ ಹಾಗಲ್ಲ, ಕೆಲವು ದಿನಗಳಲ್ಲಿ ಅದರ ಮೇಲೆ ಹೊಸದು ತುಂಬಿಬಿಡುತ್ತದೆ. ಆದ್ದರಿಂದ ಬಾಯಲ್ಲಿ ಹೇಳಿ ಬರಬೇಡ. ರಾತ್ರಿ ಒಂದರಿಂದ ಎರಡೂವರೆವರೆಗಿನ ಟೋಲ್ ದಾಖಲೆ ಮತ್ತು ಕ್ಯಾಮೆರಾ ಚಿತ್ರ ತರಿಸಿರಿ ಅಂತ ಠಾಣೆಗೆ ಅರ್ಜಿ ಬರೆದು ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಠಾಣೆಯ ಸಿಕ್ಕಾ (ಮುದ್ರೆ) ಹಾಕಿಸಿಕೊಂಡು ಬಾ. ಜಾಗದಲ್ಲಿ ಹೆಡ್‌ಲೈಟಿನ, ಕನ್ನಡಿಯ ಚೂರು ಬಿದ್ದಿದ್ದವಾ? ಅಂಥ ಚೂರಿನ ಮೇಲೆ ಕಂಪನಿ ಗುರುತು, ಪಾರ್ಟ್ ನಂಬರು ಇರುತ್ತದೆ. ಹಿಂದೊಮ್ಮೆ ನನ್ನ ಒಂದು ಕೇಸಿನಲ್ಲಿ ಗಾಡಿ ಸಿಕ್ಕಿದ್ದು ಅಂಗೈ ಅಗಲದ ಕೆಂಪು ಪ್ಲಾಸ್ಟಿಕ್ ಚೂರಿನಿಂದ. ಸತ್ತವನ ಹೆಂಡತಿ ಅದನ್ನು ಸೆರಗಿಗೆ ಕಟ್ಟಿಕೊಂಡು ಬಂದಿದ್ದಳು.

ಗಾಡಿ ಸಿಕ್ಕರೆ ಮೋಟಾರು ವಾಹನ ಕಾಯ್ದೆಯ ಕಲಂ 166ರ ಕೆಳಗೆ ಮೋಟಾರು ಅಪಘಾತ ನ್ಯಾಯಮಂಡಳಿಗೆ ಹೋಗಬಹುದು, ಕೊಡುವುದು ಕಾರಿನ ವಿಮಾ ಕಂಪನಿ. ಅರ್ಜಿಗೆ ಆರು ತಿಂಗಳ ಗಡುವು. ಆದರೆ ಒಂದೇ ಗಾಯಕ್ಕೆ ಮಾಲಕನಿಂದಲೂ ವಿಮೆಯಿಂದಲೂ ಎರಡೂ ಕಡೆ ಪೂರ್ತಿ ಪರಿಹಾರ ಕೇಳಲು ಬರುವುದಿಲ್ಲ, ಒಂದನ್ನು ಆರಿಸಬೇಕು. ಗಾಡಿ ಸಿಕ್ಕರೆ ನಾನು ಸಾಮಾನ್ಯವಾಗಿ ನ್ಯಾಯಮಂಡಳಿಯನ್ನೇ ಆರಿಸುತ್ತೇನೆ, ಅಲ್ಲಿ ಲೆಕ್ಕ ದೊಡ್ಡದು. 24ರ ಹುಡುಗನಿಗೆ ವರ್ಷದ ಗಳಿಕೆಯನ್ನು 18ರಿಂದ ಗುಣಿಸುತ್ತಾರೆ. ಕಾಲಿನ ಊನ ಶೇಕಡಾ 20 ಅಂತ ವೈದ್ಯರು ಬರೆದರೆ ನಷ್ಟವೂ 20 ಅಂತ ವಿಮಾ ಕಂಪನಿ ವಾದಿಸುತ್ತದೆ. ಅದನ್ನು ಒಪ್ಪಬೇಡಿ. ಕುಂಟುವ ಕಾಲು ಗುಮಾಸ್ತನಿಗೆ ಬೇರೆ, ಖಡಿ ಬುಟ್ಟಿ ಹೊರುವವನಿಗೆ ಬೇರೆ. ದುಡಿಮೆಗೆ ಎಷ್ಟು ಪೆಟ್ಟು ಬಿತ್ತು ಅನ್ನುವುದನ್ನೇ ನೋಡಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಗಾಡಿ ಸಿಗದೇ ಹೋದರೆ ಬಡಿದು ಓಡಿಹೋದ ಪ್ರಕರಣಕ್ಕೆ ಕಲಂ 161ರಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ಇದೆ. ಎರಡು ಕಡೆ ಮುರಿದ ಕಾಲಿಗೆ 50 ಸಾವಿರ ಏನೂ ಅಲ್ಲ. ಆಗ ಗುತ್ತಿಗೆದಾರನ ಹೊಣೆಯ ದಾರಿಯನ್ನೇ ಗಟ್ಟಿಯಾಗಿ ಹಿಡಿಯಬೇಕು.

ಪ್ರಶ್ನೆ: ಹಿಂಜವಡಿಯಿಂದ, ಕ್ಯಾಬ್ ಓಡಿಸುವ ವಿಜಯಪುರದವರು

ಸರ, ತಂಗಿಯ ತಮ್ಮ ಲಗೂ ಆರಾಮ ಆಗ್ಲಿ. ನಂದೊಂದು ಮಾತು ಐತ್ರಿ, ಸಿಟ್ಟಾಗಬ್ಯಾಡ್ರಿ. ಕೆಲಸ ಮುಗದು ತಿಂಗಳಾದ್ರೂ "ಕೆಲಸ ನಡದೈತಿ", "30" ಅನ್ನೋ ಬೋರ್ಡ್ ಹಂಗ ನಿಂತಿರ್ತಾವ. ದಿನಾ ಅದನ್ನ ನೋಡಿ ನೋಡಿ ಡ್ರೈವರಿಗೆ ರೂಢಿ ಆಗಿಬಿಡತೈತಿ. 30ಕ್ಕ ಇಳಿಸಿದ್ರ ಹಿಂದಿನ ಟ್ರಕ್ ನಮ್ಮ ಮ್ಯಾಲೇ ಬರತೈತಿ. ಅಮೆರಿಕಾದಾಗ ಕೆಲಸದ ಜಾಗಾದಾಗ ದಂಡ ಎರಡು ಪಟ್ಟು ಅಂತಾರ. ನಮ್ಮಲ್ಲಿ ಏನೈತ್ರಿ?

ಉತ್ತರ: ವಕೀಲರು

ಸಿಟ್ಟು ಯಾಕೆ ಅಣ್ಣಾರ, ಈ ಮಾತನ್ನು ಡ್ರೈವರುಗಳೇ ಹೇಳಬೇಕು. ಅಮೆರಿಕದ ಬಹಳಷ್ಟು ರಾಜ್ಯಗಳಲ್ಲಿ ಕೆಲಸದ ಜಾಗದಲ್ಲಿ ದಂಡ ಇಮ್ಮಡಿ ಅನ್ನುವುದು ನಿಜ. ನಮ್ಮ ಕೇಂದ್ರ ಕಾಯ್ದೆಯಲ್ಲಿ ಹಾಗೆ ಇಲ್ಲ. ಇರಬೇಕು ಅನ್ನುವವನು ನಾನು.

ನಮ್ಮಲ್ಲಿರುವುದು ಇಷ್ಟು. ಕೆಂಪು ಅಂಚಿನ ತ್ರಿಕೋನದಲ್ಲಿ ಸಲಿಕೆ ಹಿಡಿದವನ ಚಿತ್ರ ಇರುತ್ತದಲ್ಲ, ಅದು ಎಚ್ಚರಿಕೆ. ಕೆಂಪು ವೃತ್ತದಲ್ಲಿ 30 ಅಂತ ಇದ್ದರೆ ಅದು ಆಜ್ಞೆ. ತ್ರಿಕೋನಕ್ಕೂ ವೃತ್ತಕ್ಕೂ ಕೋರ್ಟಿನಲ್ಲಿ ಬಹಳ ಅಂತರ. ಅಧಿಕೃತವಾಗಿ ನಿಲ್ಲಿಸಿದ ಆಜ್ಞಾ ಫಲಕವನ್ನು ಪಾಲಿಸುವುದು ಕಲಂ 119ರ ಪ್ರಕಾರ ಚಾಲಕನ ಕರ್ತವ್ಯ. ವೇಗ ಮೀರಿದರೆ ಕಲಂ 183ರಲ್ಲಿ ಕಾರಿಗೆ 1,000ದಿಂದ 2,000, ಟ್ರಕ್ಕು ಬಸ್ಸುಗಳಿಗೆ 2,000ದಿಂದ 4,000 ದಂಡ. ಅಪಾಯಕಾರಿಯಾಗಿ ಓಡಿಸಿದರೆ ಕಲಂ 184: ಮೊದಲ ಸಲಕ್ಕೆ ಆರು ತಿಂಗಳಿಂದ ಒಂದು ವರ್ಷ ಜೈಲು, ಅಥವಾ 1,000ದಿಂದ 5,000 ದಂಡ, ಅಥವಾ ಎರಡೂ. 2019ರ ತಿದ್ದುಪಡಿಯಲ್ಲಿ ಇದಕ್ಕೊಂದು ವಿವರಣೆ ಸೇರಿಸಿದರು. ಕೈಯಲ್ಲಿ ಫೋನ್ ಹಿಡಿದು ಓಡಿಸುವುದು, ನಿಲ್ಲು ಎಂಬ ಫಲಕ ಮೀರುವುದು ಎರಡೂ ಅದರಲ್ಲಿವೆ. ಝಂಡಿಯವನ ಕೈಯಲ್ಲಿ 'ನಿಲ್ಲು' ಫಲಕ ಇದ್ದು, ಅದನ್ನು ದಾಟಿ ನುಗ್ಗಿದರೆ ಈ ವಿವರಣೆ ಅನ್ವಯಿಸಬೇಕು ಅನ್ನುವುದು ನನ್ನ ವಾದ. ಅದಕ್ಕೇ ಹುಡುಗರ ಕೈಗೆ ಬಟ್ಟೆಯ ಝಂಡಿಯೊಂದನ್ನೇ ಕೊಟ್ಟು ನಿಲ್ಲಿಸಬೇಡಿ ಅಂತ ಹೇಳುತ್ತಿರುತ್ತೇನೆ. ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 106(1): ಐದು ವರ್ಷದವರೆಗೆ ಜೈಲು.

ಹಿಂದಿನ ಟ್ರಕ್ಕಿನ ಭಯ ನನಗೂ ಗೊತ್ತು. ಆ ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್‌ಗೆ ಹಾಕಿ ಬರುವ ಟ್ರಕ್ಕುಗಳಿವೆ. 2022ರ ನವೆಂಬರಿನಲ್ಲಿ ನವಲೆ ಬ್ರಿಡ್ಜಿನ ಹತ್ತಿರ ಒಂದೇ ಭಾರೀ ವಾಹನದಿಂದ ಸಾಲು ಸಾಲು ಗಾಡಿ ಜಜ್ಜಿಹೋದದ್ದು ಪುಣೆಯವರಿಗೆ ಇನ್ನೂ ನೆನಪಿದೆ. ಆದರೂ ಈ ಲೆಕ್ಕ ನೋಡಿ. 80ರ ವೇಗದಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಕಣ್ಣಿಗೆ ಕಂಡು, ತಲೆಗೆ ಹೊಳೆದು, ಕಾಲು ಬ್ರೇಕಿಗೆ ಹೋಗಲು ಎರಡೂವರೆ ಸೆಕೆಂಡು ಅಂತ ರಸ್ತೆ ಎಂಜಿನಿಯರುಗಳು ಹಿಡಿಯುತ್ತಾರೆ. ಬ್ರೇಕ್ ಹತ್ತುವ ಮೊದಲೇ 55 ಮೀಟರ್ ಮುಗಿಯಿತು. 40ರಲ್ಲಿ ಬಂದರೆ 28. ಝಂಡಿ ಹಿಡಿದವನ ಜೀವ ಆ ನಡುವಿನ 27 ಮೀಟರಿನಲ್ಲಿದೆ. ಬೋರ್ಡ್ ಕಂಡ ಕೂಡಲೇ ಒಮ್ಮೆಲೇ ಬ್ರೇಕ್ ಒತ್ತಬೇಡಿ. ದೂರದಿಂದಲೇ ವೇಗ ಬಿಡಿ, ಗೇರ್ ಇಳಿಸಿ, ಹಝಾರ್ಡ್ ಲೈಟ್ ಹಾಕಿ. ಹಿಂದಿನವನಿಗೂ ತಿಳಿಯುತ್ತದೆ.

ಕೆಲಸ ಮುಗಿದ ಮೇಲೂ ಬೋರ್ಡ್ ತೆಗೆಯದ ಗುತ್ತಿಗೆದಾರ ಮುಂದಿನ ಸೈಟಿನ ಹುಡುಗರ ಜೀವಕ್ಕೆ ಕುತ್ತು ತರುತ್ತಾನೆ. ಆ ಬೋರ್ಡಿನ ಮಾತನ್ನು ಮತ್ತೆ ಯಾರೂ ನಂಬುವುದಿಲ್ಲ. ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033ಕ್ಕೆ ಫೋನ್ ಮಾಡಿ, ಕಿಲೋಮೀಟರ್ ಕಲ್ಲಿನ ಅಂಕಿ ಹೇಳಿ.

ಪ್ರಶ್ನೆ: ಒಬ್ಬ ಸೈಟ್ ಸೂಪರ್‌ವೈಸರ್, ಪಿಂಪ್ರಿಯಿಂದ

ಸರ್, ಹೆಸರು ಹೇಳಲಾರೆ. ನಮ್ಮ ಸೈಟಿನಲ್ಲಿ ರಾತ್ರಿ ಪಾಳಿಗೆ ಆರು ಜನ, ಜಾಕೆಟ್ ಎರಡು. ಕೋನ್ ಸಾಲದೆ ಡಾಂಬರಿನ ಖಾಲಿ ಡಬ್ಬಿಗೆ ರೇಡಿಯಂ ಹಚ್ಚಿ ನಿಲ್ಲಿಸುತ್ತೇವೆ. ಅನಾಹುತವಾದರೆ ನನ್ನ ಮೇಲೂ ಬರುತ್ತದಾ?

ಉತ್ತರ: ವಕೀಲರು

ಬರಬಹುದು. ಸಾವಾದರೆ ನಿರ್ಲಕ್ಷ್ಯದ ಆರೋಪ ಚಾಲಕನಿಗೆ ಮಾತ್ರ ನಿಲ್ಲುವುದಿಲ್ಲ, ಗುತ್ತಿಗೆದಾರ, ಸೈಟ್ ಎಂಜಿನಿಯರ್, ಸೂಪರ್‌ವೈಸರ್ ಹೆಸರೂ ಎಫ್ಐಆರಿಗೆ ಬರುತ್ತದೆ. ರಸ್ತೆ ಕೆಲಸದ ಮಾನದಂಡ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಎಸ್‌ಪಿ 55 ಎಂಬ ಮಾರ್ಗಸೂಚಿ, 2014ರ ಆವೃತ್ತಿ, ನಿಮ್ಮ ಎಂಜಿನಿಯರ ಬಳಿ ಇರಬೇಕು. ಮುಂಚಿತ ಎಚ್ಚರಿಕೆಯ ಭಾಗ, ಗಾಡಿಗಳನ್ನು ಓರೆಯಾಗಿ ಪಕ್ಕದ ಲೇನಿಗೆ ತಿರುಗಿಸುವ ಭಾಗ, ಕೆಲಸದ ಭಾಗ, ಮತ್ತೆ ಸರಾಗವಾಗಿ ಬಿಡುವ ಭಾಗ ಅಂತ ಜಾಗವನ್ನು ವಿಂಗಡಿಸಿ ಎಲ್ಲಿ ಏನು ನಿಲ್ಲಿಸಬೇಕು ಅನ್ನುವುದನ್ನು ಅದು ಹೇಳುತ್ತದೆ. ಗುಣಮಟ್ಟ ಪಾಲಿಸದೆ ಸಾವು, ಊನ ಆದರೆ ಮೋಟಾರು ವಾಹನ ಕಾಯ್ದೆಯ ಕಲಂ 198ಎ ಪ್ರಕಾರ ಗುತ್ತಿಗೆದಾರ, ಸಲಹೆಗಾರ, ಪ್ರಾಧಿಕಾರಕ್ಕೆ 1 ಲಕ್ಷದವರೆಗೆ ದಂಡ. ಕೋಟಿಗಟ್ಟಲೆ ಗುತ್ತಿಗೆಗೆ 1 ಲಕ್ಷ ದಂಡ, ಅದೂ ಸರ್ಕಾರದ ಅಪಘಾತ ನಿಧಿಗೆ ಹೋಗುತ್ತದೆ, ಮನೆಯವರ ಕೈಗೆ ಬರುವುದಿಲ್ಲ. ಇದು ತೀರಾ ಕಡಿಮೆ ಅಂತ ನನಗೆ ಪ್ರತಿ ಕೇಸಿನಲ್ಲೂ ಅನ್ನಿಸಿದೆ.

ನೀವು ಒಂದು ಕೆಲಸ ಮಾಡಿ. ನಾಲ್ಕು ಜಾಕೆಟ್, ಇಷ್ಟು ಕೋನ್ ಬೇಕು ಅಂತ ಮೇಲಿನವರಿಗೆ ಬರೆದು ಕಳಿಸಿ, ವಾಟ್ಸಾಪಾದರೂ ಸರಿ. ಪಾಳಿ ಶುರುವಾಗುವಾಗ ಬೋರ್ಡ್ ನಿಂತ ಜಾಗದ ಫೋಟೋ ತೆಗೆಯಿರಿ. ಬೋರ್ಡ್ ಸರಿಯಾಗಿ ನಿಂತಿತ್ತು ಅಂತ ಫೋಟೋ ಇದ್ದರೆ ಚಾಲಕನಿಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಇಲ್ಲದಿದ್ದರೆ ವಿಮೆಯ ವಕೀಲ ಎದ್ದು "ಕತ್ತಲಲ್ಲಿ ಜಾಕೆಟ್ ಇಲ್ಲದೆ ನಡುರಸ್ತೆಯಲ್ಲಿ ನಿಂತವನದೇ ತಪ್ಪು" ಅನ್ನುತ್ತಾನೆ, ಹುಡುಗನ ಪರಿಹಾರದಲ್ಲಿ ಪಾಲು ಕತ್ತರಿಸಲು ನೋಡುತ್ತಾನೆ. ಆ ಮಾತು ಕೇಳಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಜಾಕೆಟ್ ಕೊಡಬೇಕಾದವನು ಕೊಟ್ಟಿರುವುದಿಲ್ಲ, ತಪ್ಪಿನ ಗಂಟು ಮಾತ್ರ ಕೂಲಿಯವನ ತಲೆಗೆ.

ಮತ್ತೆ, 90 ದಿನ ಕೆಲಸ ಮಾಡಿದ ಹುಡುಗರನ್ನು ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಾಯಿಸಿ. ರಸ್ತೆ ಕೆಲಸವೂ ಅದರಲ್ಲಿ ಬರುತ್ತದೆ.

ಪ್ರಶ್ನೆ: ವಾರ್ಜೆಯ ಅಕ್ಕ

ಸಾಹೇಬ್ರೆ, ಫೋಟೋ ಸಿಕ್ತ್ರಿ. ತಮ್ಮ ಎಡಗಡಿಯಿಂದ ಮೂರನೇದಾಂವ ನಿಂತಾನ. ಅವ್ವ ಊರಿಗೆ ಕರ್ಕೊಂಡು ಬಾ ಅಂತ ಅಳಾಕತ್ಯಾಳ. ಊರಿಗೆ ಹೋದ್ರ ಕೇಸ್ ಬಿದ್ದು ಹೋಗ್ತದೇನ್ರಿ? ಅವತ್ತಿನ ಜಾಕೆಟ್, ಪ್ಯಾಂಟು ಚೀಲದಾಗ ಅವ. ರಕ್ತ ಆಗ್ಯದ, ಇವತ್ತ ತೊಳಿಬೇಕಂತ ಮಾಡೀನಿ.

ಉತ್ತರ: ವಕೀಲರು

ತೊಳೆಯಬೇಡ ತಂಗಿ. ಜಾಕೆಟನ್ನು ಹಾಗೇ ನೆರಳಲ್ಲಿ ಒಣಗಿಸಿ ಪೇಪರಿನಲ್ಲಿ ಸುತ್ತಿಡು, ಪ್ಲಾಸ್ಟಿಕ್ ಚೀಲ ಬೇಡ. ಅವನು ಜಾಕೆಟ್ ಹಾಕಿದ್ದ ಅನ್ನುವುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಕಾರಿನ ಬಣ್ಣ ಅದಕ್ಕೆ ಹತ್ತಿದ್ದರೂ ಹತ್ತಿರಬಹುದು. ಪೊಲೀಸರಿಗೆ ಕೊಡುವಾಗ ಪಂಚನಾಮೆಯಲ್ಲಿ ಬರೆಸಿಯೇ ಕೊಡು.

ಊರಿಗೆ ಹೋದರೆ ಕೇಸ್ ಬೀಳುವುದಿಲ್ಲ. ಅಪಘಾತವಾದ ಜಾಗದಲ್ಲೂ ಹಾಕಬಹುದು, ಅರ್ಜಿದಾರ ವಾಸ ಇರುವ ಊರಿನಲ್ಲೂ ಹಾಕಬಹುದು. ಯಾದಗಿರಿಯಲ್ಲಿ ಹಾಕಿದರೆ ಅವ್ವನ ಹತ್ತಿರ ಇರುತ್ತಾನೆ, ಪ್ರತಿ ತಾರೀಖಿಗೂ ಪುಣೆಗೆ ಬರುವ ತ್ರಾಸು ತಪ್ಪುತ್ತದೆ. ಡಿಸ್ಚಾರ್ಜ್ ಕಾರ್ಡು, ಎಕ್ಸ್‌ರೇ, ಔಷಧದ ಚೀಟಿ ಒಂದನ್ನೂ ಕಳೆಯಬೇಡ. ಸೋಮವಾರ ಹನ್ನೊಂದಕ್ಕೆ ಶಿವಾಜಿನಗರ ಕೋರ್ಟಿನ ಗೇಟಿಗೆ ಬಾ, ಠಾಣೆಯ ಅರ್ಜಿ ನಾನೇ ಬರೆದುಕೊಡುತ್ತೇನೆ. ಫೋಟೋ ಹೊಡೆದ ಹುಡುಗನನ್ನೂ ಕರೆದುಕೊಂಡು ಬಾ, ಅವನ ಫೋನಿನ ಸಮೇತ.