ಗ್ಲಿಯಾ ಕೋಶ ನರಕೋಶಕ್ಕೆ ಕಂಬವೋ, ಮೆತ್ತೆಯೋ?

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಮಿದುಳಿನಲ್ಲಿ ನರಕೋಶಗಳ ನಡುವೆ ಇರುವ ಗ್ಲಿಯಾ ಕೋಶಗಳು ಅವುಗಳಿಗೆ ಆಧಾರ ಕೊಡುತ್ತವೆ ಎಂದು ಪಾಠ ಮಾಡುತ್ತಿದ್ದಾಗ, ಗಾರೆ ಕೆಲಸದವರ ಮಗನೊಬ್ಬ, ‘ಹಾಗಾದರೆ ಅವು ಸೆಂಟ್ರಿಂಗ್ ಕಂಬದ ಹಾಗೆ ಗಟ್ಟಿ ಇರಬೇಕಲ್ಲವೇ ಮಿಸ್?’ ಎಂದು ಕೇಳಿದ. ಹೌದೆನ್ನಲು ಧೈರ್ಯ ಬರಲಿಲ್ಲ. ಬಲ್ಲವರು ತಿಳಿಸಬೇಕು.

ಉತ್ತರ (ಅಂಗರಚನಾ ಶಾಸ್ತ್ರದ ಅಧ್ಯಾಪಕ): ಮೇಡಂ, ನೀವು ಹೌದೆನ್ನದಿದ್ದುದೇ ಒಳ್ಳೆಯದಾಯಿತು. ‘ಆಧಾರ’ ಎಂಬ ಮಾತು ಯಾರೋ ಅಳೆದು ನೋಡಿದ್ದರಿಂದ ಬಂದದ್ದಲ್ಲ, ಹೆಸರಿನ ಜೊತೆಗೇ ಬಂದದ್ದು. 1856ರಲ್ಲಿ ಜರ್ಮನಿಯ ರುಡಾಲ್ಫ್ ವಿರ್ಚೋ, ನರಕೋಶಗಳ ನಡುವೆ ತುಂಬಿಕೊಂಡಿರುವ ವಸ್ತುವನ್ನು ನರಗಳ ಅಂಟು ಎಂಬ ಅರ್ಥದಲ್ಲಿ ‘ನ್ಯೂರೋಗ್ಲಿಯಾ’ ಎಂದು ಕರೆದರು.

ನಮ್ಮ ವಿದ್ಯಾರ್ಥಿಗಳ ತಪ್ಪು ಕಲ್ಪನೆಗೆ ಫಾರ್ಮಲಿನ್ನಿನ ಪಾಲೂ ಇದೆ. ಅಂಗಗಳು ಕೆಡದಂತೆ ಇಡುವ ಆ ದ್ರಾವಣದಲ್ಲಿ ಗಟ್ಟಿಯಾಗಿ ಛೇದನಾಲಯದ ಮೇಜಿನ ಮೇಲಿರುವ ಮಿದುಳು ಪನೀರಿನಂತೆ ಕತ್ತರಿಸಲು ಬರುತ್ತದೆ. ಹಸಿ ಮಿದುಳಾದರೋ ಗಿಣ್ಣಿನಂತೆ, ತಟ್ಟೆಯಲ್ಲಿಟ್ಟರೆ ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ. ಸುಮಾರು 1,400 ಗ್ರಾಂ ತೂಗುವ ಅದು ತಲೆಬುರುಡೆಯೊಳಗೆ ಆಕಾರ ಉಳಿಸಿಕೊಂಡಿರುವುದು ಮುಖ್ಯವಾಗಿ ಸುತ್ತಲಿನ ದ್ರವದಲ್ಲಿ ತೇಲುವುದರಿಂದ. ಅಲ್ಲಿ ಅದರ ಭಾರ ಸುಮಾರು 50 ಗ್ರಾಂನಷ್ಟಕ್ಕೆ ಇಳಿದಂತಾಗುತ್ತದೆ.

2006ರಲ್ಲಿ ಜರ್ಮನಿಯ ಲೈಪ್‌ಜಿಗ್‌ನ ಸಂಶೋಧಕರು ಕಣ್ಣಿನ ಅಕ್ಷಿಪಟಲದ (ರೆಟಿನಾ) ಮತ್ತು ಮಿದುಳಿನ ಒಂದು ಭಾಗವಾದ ಹಿಪೊಕ್ಯಾಂಪಸ್‌ನ ಕೋಶಗಳನ್ನು ಒಂದೊಂದಾಗಿ ಮೆಲ್ಲನೆ ಒತ್ತಿ ಅಳೆದಾಗ, ನರಕೋಶ, ಗ್ಲಿಯಾ ಕೋಶ ಎರಡೂ ಬಹಳ ಮೆದು, ಅವುಗಳಲ್ಲಿಯೂ ಗ್ಲಿಯಾ ಕೋಶಗಳೇ ನರಕೋಶಗಳಿಗಿಂತ ಹೆಚ್ಚು ಮೆದು ಎಂದು ಕಂಡುಬಂತು. ತನಗಿಂತ ಮೆತ್ತಗಿರುವುದು ತನಗೆ ಕಂಬವಾಗುವುದು ಹೇಗೆ? ಗಾಜಿನ ಬಳೆಗಳನ್ನು ಹುಲ್ಲಿನಲ್ಲಿಟ್ಟು ಸಾಗಿಸುವಾಗ ಹುಲ್ಲು ಮಾಡುವ ಕೆಲಸಕ್ಕೆ ಗ್ಲಿಯಾ ಕೋಶಗಳ ಕೆಲಸವನ್ನು ಹೋಲಿಸಬಹುದು. ಬೆಳೆಯುತ್ತಿರುವ ನರಕೋಶಗಳು ಗಡಸು ತಳಕ್ಕಿಂತ ಮೆದು ತಳದ ಮೇಲೆಯೇ ಚೆನ್ನಾಗಿ ಕವಲೊಡೆಯುವುದನ್ನು ಪ್ರಯೋಗಾಲಯಗಳಲ್ಲಿ ಕಂಡಿರುವುದೂ ಇದಕ್ಕೆ ಹೊಂದುತ್ತದೆ.

ಆದರೂ ‘ಆಧಾರ’ ಎಂಬುದನ್ನು ಪೂರಾ ಹೊಡೆದುಹಾಕಬೇಡಿ. ಅಕ್ಷಿಪಟಲದಲ್ಲಿ ಮುಲ್ಲರ್ ಕೋಶ ಎಂಬ ಗ್ಲಿಯಾ ಕೋಶವು ಪದರಗಳೆಲ್ಲವನ್ನೂ ತೂರಿ ನಿಂತು, ತನ್ನ ಅಗಲವಾದ ಪಾದವನ್ನು ಒಳಮೈಗೆ ಊರಿರುತ್ತದೆ. ಅದರೊಳಗೆ ಪ್ರೋಟೀನಿನ ಸಣ್ಣ ಎಳೆಗಳಿವೆ. ಈ ಎಳೆಗಳೇ ಇಲ್ಲದಂತೆ ಬೆಳೆಸಿದ ಇಲಿಗಳಲ್ಲಿ ಅಕ್ಷಿಪಟಲ ಸಾಮಾನ್ಯವಾಗಿಯೇ ಕಂಡರೂ, ಎಳೆತಕ್ಕೆ ಒಳಗಾದಾಗ ಅದರ ಒಳಪೊರೆ ಬಿಟ್ಟುಬಂತು. ಭಾರ ಹೊರುವ ಕಂಬಕ್ಕಿಂತ, ಪದರಗಳು ಕಿತ್ತುಬರದಂತೆ ಹಾಕಿದ ಹೊಲಿಗೆ ಎಂಬುದು ಇಲ್ಲಿ ಹೆಚ್ಚು ಸರಿಯಾದ ಹೋಲಿಕೆ.

ಮರುಪ್ರಶ್ನೆ: ವಂದನೆಗಳು ಸರ್. ಮಿದುಳುಬಳ್ಳಿಗೆ ಪೆಟ್ಟಾದ ಮೇಲೆ ಗ್ಲಿಯಾ ಕೋಶಗಳು ಗಡಸು ಕಲೆ ಕಟ್ಟಿ, ನರತಂತುಗಳು ಮತ್ತೆ ಬೆಳೆಯದಂತೆ ಗೋಡೆಯಾಗುತ್ತವೆ ಎಂದು ಓದಿದ್ದೆ. ಅದಾದರೂ ನಿಜವೇ?

ಉತ್ತರ: ಚರ್ಮದ ಕಲೆಯನ್ನು ಮುಟ್ಟಿ ನೋಡಿದವರಿಗೆಲ್ಲ ಹಾಗೆ ತೋರುವುದು ಸಹಜ. ಆದರೆ 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಇಲಿಗಳ ಮಿದುಳಿನಲ್ಲಿಯೂ ಮಿದುಳುಬಳ್ಳಿಯಲ್ಲಿಯೂ ಗಾಯವಾದ ಭಾಗವು ಸುತ್ತಲಿನ ಅಂಗಾಂಶಕ್ಕಿಂತ ಮೆದುವಾಗಿತ್ತು. ತಂತು ಬೆಳೆಯದಿರುವುದಕ್ಕೆ ಅಲ್ಲಿ ಸೇರಿಕೊಳ್ಳುವ ರಾಸಾಯನಿಕ ತಡೆಗಳೂ ಕಾರಣವಾಗಿವೆ, ಗಡಸುತನವೊಂದನ್ನೇ ದೂರಲಾಗದು. ಆ ಹುಡುಗನಿಗೆ ಇದನ್ನೂ ಹೇಳಿ. ಅವನ ಮುಂದಿನ ಪ್ರಶ್ನೆಯನ್ನು ಇಲ್ಲಿಗೇ ಕಳುಹಿಸಿ.