ಕರೆಂಟ್ ಇಲ್ಲದ ಹೊತ್ತಿಗೆ ಕೂಲಿಯೂ ಇಲ್ಲವೇ?

ಬೈಂಡಿಂಗ್ ಕೆಲಸದವಳು, ಶಿರಸಿ
ನಮ್ಮದು ಏಳೆಂಟು ಮಂದಿಯ ಮುದ್ರಣಾಲಯ, ದಿನಗೂಲಿ. ಮಳೆ ಹಿಡಿಯಿತೆಂದರೆ ದೇವಿಮನೆ ಘಟ್ಟದ ಕಡೆಯೋ ಇನ್ನೆಲ್ಲೋ ತಂತಿಯ ಮೇಲೆ ಮರ ಬೀಳುತ್ತದೆ, ಇಲ್ಲಿ ಯಂತ್ರ ನಿಲ್ಲುತ್ತದೆ. ಯಜಮಾನರು ಈಗ ಹೊಸ ಪದ್ಧತಿ ತಂದಿದ್ದಾರೆ: ಕರೆಂಟ್ ಹೋದ ಹೊತ್ತನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಶನಿವಾರದ ಬಟವಾಡೆಯಲ್ಲಿ ಮುರಿದುಕೊಳ್ಳುವುದು. ಮನೆಗಾದರೂ ಹೋಗೋಣವೆಂದರೆ "ಈಗ ಬಂದೀತು, ಕೂರಿ" ಎನ್ನುತ್ತಾರೆ. ಕೂತವರು ಸುಮ್ಮನಿರುತ್ತೇವೆಯೇ? ಅಚ್ಚಾದ ಹಾಳೆ, ಅಂದರೆ ಫಾರ್ಮ್ ಮಡಚುತ್ತೇವೆ, ಪುಟ ಜೋಡಿಸುತ್ತೇವೆ, ಬಿಲ್ ಪುಸ್ತಕಕ್ಕೆ ಕೈಯಲ್ಲೇ ನಂಬರ್ ಒತ್ತುತ್ತೇವೆ. ಕೈಗಾ, ಕದ್ರಾ, ಕೊಡಸಳ್ಳಿ, ಸೂಪಾ ವಿದ್ಯುತ್ ಸ್ಥಾವರಗಳೆಲ್ಲವೂ ನಮ್ಮ ಜಿಲ್ಲೆಯಲ್ಲೇ. ಕತ್ತಲೆಯೂ ನಮಗೇ, ಅದರ ಖರ್ಚೂ ನಮಗೇ! ಹೀಗೆ ಮುರಿಯಬಹುದೇ?

ನಿವೃತ್ತ ಲೆಕ್ಕಿಗ, ಕಾರವಾರ
ತಂಗೀ, ಯಾರಾದರೂ "ಲೇ-ಆಫ್‌ನಲ್ಲಿ ಅರ್ಧ ಸಂಬಳ" ಎಂದು ಹೇಳಿದರೆ ಒಪ್ಪಬೇಡಿ. ಲೇ-ಆಫ್ ಎಂದರೆ ಕೆಲಸದಿಂದ ತೆಗೆಯದೆ, ಕೆಲಸ ಕೊಡಲಾಗದೆ ಕೂರಿಸುವುದು. ವಿದ್ಯುತ್ ಕೊರತೆಯಿಂದ ಹಾಗಾದರೆ ಮೂಲ ವೇತನ, ತುಟ್ಟಿಭತ್ಯೆಗಳ ಅರ್ಧ ಕೊಡಬೇಕೆಂಬ ನಿಯಮ 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿತ್ತು, 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಇದೆ. ಆದರೆ ಅದು 50 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗಳ ಮಾತು. ನಿಮಗೆ ಆಸರೆ ಕನಿಷ್ಠ ವೇತನದ ಕಾನೂನು. ದಿನದ ಲೆಕ್ಕದಲ್ಲಿ ಕನಿಷ್ಠ ವೇತನ ನಿಗದಿಯಾದವರು, ಮಾಲೀಕ ಕೆಲಸ ಒದಗಿಸದ ಕಾರಣಕ್ಕೆ ಕಡಿಮೆ ಗಂಟೆ ದುಡಿದರೂ ಇಡೀ ದಿನದ ವೇತನಕ್ಕೆ ಹಕ್ಕುದಾರರು; ತಾವಾಗಿಯೇ ಒಲ್ಲೆವೆಂದರೆ ಮಾತ್ರ ಅಲ್ಲ. 1948ರ ಕಾಯ್ದೆಯ 15ನೇ ಕಲಮಿನ ಈ ಮಾತು 2019ರ ವೇತನ ಸಂಹಿತೆಗೂ ಬಂದಿದೆ. ಅದಿರಲಿ, ಮಡಚಿದ ಫಾರ್ಮ್ ಕೆಲಸವಲ್ಲದೆ ಮತ್ತೇನು?

ಎಣ್ಣೆ ಗಿರಣಿಯವ, ಕುಮಟಾ
ಮಾಲೀಕನ ಕಷ್ಟವನ್ನೂ ಕೇಳಿ. ಜನರೇಟರಿಗೆ ಡೀಸೆಲ್ ಸುರಿದರೆ ಆ ದಿನದ ಲಾಭ ಅಲ್ಲಿಗೇ ಹೋಗುತ್ತದೆ. ಹೆಸ್ಕಾಂನವರು ಪತ್ರಿಕೆಯಲ್ಲಿ ಮೊದಲೇ ತಿಳಿಸಿದ ನಿಲುಗಡೆಯಾದರೆ ನಾನು ವಾರದ ರಜೆಯನ್ನು ಅದೇ ದಿನಕ್ಕೆ ಸರಿಸುತ್ತೇನೆ. ಏಕಾಏಕಿ ಹೋದರೆ ನಷ್ಟ ನನ್ನದು. ಆಳುಗಳನ್ನು ಕೂರಿಸಿಕೊಂಡು ಕೂಲಿ ಮುರಿಯುವುದನ್ನು ಮಾತ್ರ ನಾನೂ ಒಪ್ಪುವುದಿಲ್ಲ.

ಬೈಂಡಿಂಗ್ ಕೆಲಸದವಳು, ಶಿರಸಿ
ಲೆಕ್ಕಿಗ ಅಣ್ಣಾ, ಕಾನೂನು ನಮ್ಮ ಕಡೆಗಿದ್ದರೂ ಯಜಮಾನರ ಮೇಲೆ ದೂರು ಕೊಡುವುದು ಸುಲಭವಲ್ಲ. ಯಜಮಾನರ ಹೆಂಡತಿ ನಮ್ಮ ಸ್ವಸಹಾಯ ಸಂಘದಲ್ಲೇ ಇದ್ದಾರೆ.

ನಿವೃತ್ತ ಲೆಕ್ಕಿಗ, ಕಾರವಾರ
ಹಾಗಾದರೆ ಸದ್ಯಕ್ಕೆ ದೂರು ಬೇಡ. ಯಜಮಾನರ ಕ್ಯಾಲೆಂಡರಿನ ಪಕ್ಕದಲ್ಲೇ ನಿಮ್ಮದೂ ಒಂದು ವಹಿ ಇರಲಿ: ಕರೆಂಟ್ ಹೋದದ್ದೆಷ್ಟು ಹೊತ್ತಿಗೆ, ಬಂದದ್ದೆಷ್ಟು ಹೊತ್ತಿಗೆ, ನಡುವೆ ಮಾಡಿದ ಕೆಲಸವೇನು. ಶನಿವಾರ ಒಬ್ಬರೇ ಹೋಗದೆ ಎಲ್ಲರೂ ಸೇರಿ ಅದನ್ನು ಅವರ ಮುಂದಿಡಿ. ಆಮೇಲೂ ಮುರಿದರೆ ಕಾರ್ಮಿಕ ನಿರೀಕ್ಷಕರ ಬಳಿ ಹೋಗುವಾಗ ಅದೇ ವಹಿ ಬೇಕಾಗುತ್ತದೆ.